ಮಣೆಯ ಕೆಳಗಿನ ಕಾವು

ಕಳೆದ ರಜೆಯಲ್ಲಿ ಕಡೂರಿನಿಂದ ಬಂದಾಗ ನೀವಿಬ್ಬರೂ ಕೇಳಿದಿರಿ, ‘ಅಜ್ಜಿ, ನಮ್ಮನೇಲಿ ಮೊಟ್ಟೆನೂ ತರಲ್ಲ, ಮತ್ತೆ ಹಿತ್ತಲಲ್ಲಿ ಈ ಕೋಳಿ ಯಾರ್ದು?’ ‘ಪಕ್ಕದ ಮನೆಯವರದು’ ಎಂದಷ್ಟೇ ಹೇಳಿ ನಾನು ಒಳಗೆ ಹೋಗಿಬಿಟ್ಟೆ. ಅದು ಅರ್ಧ ನಿಜ. ಎದುರಿಗೆ ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯಾಕೆ ನನಗಿಂತ ಸ್ವಲ್ಪ ಚಿಕ್ಕವಳು. ನಮ್ಮಿಬ್ಬರ ಹಿತ್ತಲಿಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಮಾಂಸದಡುಗೆ ಉಂಟು, ನಾವು ಲಿಂಗ ಕಟ್ಟಿಕೊಂಡವರು. ಮಾಂಸ ಬೇಯುವ ದಿನ ಅವಳೇ ನಮ್ಮ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತಾಳೆ. ಮುಚ್ಚು ಎಂದು ನಾನು ಹೇಳಿದ್ದಿಲ್ಲ. ಅವಳ ಒಬ್ಬಳೇ ಮಗಳನ್ನು ಪಂಚನಹಳ್ಳಿಗೆ ಕೊಟ್ಟಿದೆ. ಆ ಹುಡುಗಿಗೆ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದು ನಾಲ್ಕು ತಿಂಗಳು ದಾಟಿದ ಮೇಲೆ ನೆರೆಯಾಕೆ ಧೈರ್ಯ ಮಾಡಿ ತನ್ನ ನಾಟಿಕೋಳಿಯನ್ನು ಕಾವಿಗೆ ಕೂರಿಸಿದಳು.

‘ಈಗ ಮರಿ ಆದ್ರೆ ಅವಳ ಬಾಣಂತನಕ್ಕೆ ಸರಿಯಾಗಿ ಬಲಿತವೆ ಕಣಕ್ಕಾ. ಫಾರಂ ಕೋಳಿ ತಿಂದ್ರೆ ಸೊಂಟಕ್ಕೆ ಏನ್ ಬಲ ಬತ್ತದೆ?’ ಎಂದು ಗೋಡೆಯ ಮೇಲಿಂದ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, ‘ಅಯ್ಯೋ, ನಿಮ್ಮ ಮುಂದೆ ಹೇಳ್ತಾ ಇದೀನಲ್ಲ, ಶಿವಾ’ ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮರಿಗಳು ಹೊರಬಂದ ಮಾರನೆಯ ದಿನ ಬೀದಿನಾಯಿ ತಾಯಿಕೋಳಿಯನ್ನು ಹಿಡಿಯಿತು. ಅದೇ ದಿನ ಮಧ್ಯಾಹ್ನ ಮಗಳಿಗೆ ರಕ್ತ ಕಂಡಿತೆಂದು ಫೋನ್ ಬಂತು. ತರೀಕೆರೆಯಲ್ಲಿ ತೋರಿಸಿದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರಂತೆ. ನೆರೆಯಾಕೆ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿದಿರಿನ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

‘ಅಕ್ಕಾ, ಬೇರೆ ಯಾರನ್ನ ಕೇಳಲಿ? ನಿಮ್ಮನೇಲಿ ಕರೆಂಟ್ ದಿಂಬು ಐತಲ್ಲ. ಮಾಗಿ ಚಳಿ, ಕಾವಿಲ್ದಿದ್ರೆ ನಾಳೆಗೇ ಸತ್ತೋಗ್ತವೆ.’

ನಾನು ಹೂಂ ಎಂದೆನೋ ಇಲ್ಲವೋ, ಬುಟ್ಟಿ ನನ್ನ ಕೈಯಲ್ಲಿತ್ತು. ಅವಳು ಬಸ್ಸಿಗೆ ಓಡಿದಳು.

ಅವಳು ಕರೆಂಟ್ ದಿಂಬು ಎಂದದ್ದು ನಿಮ್ಮ ತಾತನ ಹೀಟಿಂಗ್ ಪ್ಯಾಡನ್ನು. ತೆಂಗಿನಕಾಯಿ ಮಂಡಿಯಲ್ಲಿ ವರ್ಷಗಟ್ಟಲೆ ಮೂಟೆ ತೂಗಿ ಅವರ ಸೊಂಟ ಹೋಗಿತ್ತು. ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಅಂಗಡಿಯಿಂದ ತಂದಿದ್ದರು. ಕೊನೆಯ ದಿನಗಳಲ್ಲಿ ಅದನ್ನು ಬೆನ್ನಿನ ಕೆಳಗಿಂದ ತೆಗೆಯಲು ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಅದನ್ನು ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ಅವತ್ತು ತೆಗೆದರೆ ಮುಲಾಮಿನ ವಾಸನೆ ಇನ್ನೂ ಇತ್ತು. ಮೂಗಿನ ಹತ್ತಿರ ಹಿಡಿದು ಕೂತೆ. ಬುಟ್ಟಿಯೊಳಗೆ ಮರಿಗಳು ಕಿರುಚಿಕೊಳ್ಳುತ್ತಿದ್ದವು, ಕೂತಿರಲು ಬಿಡಲಿಲ್ಲ.

ನನ್ನ ಸೊಸೆ, ನಿಮ್ಮ ಅತ್ತೆ, ಮೊದಲು ಒಪ್ಪಲಿಲ್ಲ. ‘ಅತ್ತೆ, ದೇವರ ಮನೆ ಇರೋ ಮನೇಲಿ ಕೋಳಿನಾ? ನೋಡಿದೋರು ಏನಂತಾರೆ?’ ಎಂದಳು. ಕೊನೆಗೆ ಬಚ್ಚಲ ಪಕ್ಕದ ಸೌದೆ ಕೋಣೆಯಲ್ಲಿ, ವಾಷಿಂಗ್ ಮೆಷಿನ್ನಿನ ಪ್ಲಗ್ ಬಿಟ್ಟುಕೊಟ್ಟಳು. ‘ನನ್ನ ಮೆಷಿನ್‌ಗಿಂತ ನಿಮ್ಮ ಕೋಳಿ ಹೆಚ್ಚಾಯ್ತು, ಆಗ್ಲಿ. ಬಟ್ಟೆ ನೀವೇ ಒಗೀರಿ’ ಎಂದಳು. ಹೇಳಿದ್ದಷ್ಟೇ, ಒಗೆದವಳು ಅವಳೇ.

ನಾನು ಜನ್ಮದಲ್ಲಿ ಕೋಳಿಮರಿ ಮುಟ್ಟಿದವಳಲ್ಲ. ಎಳೆಯ ಜೀವಕ್ಕೆ ಬಿಸಿ ಕೊಡುವುದು ಎಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. ನಮ್ಮಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡದ ಬಾಣಲೆ ಇಡುತ್ತಿದ್ದರು. ಶಾಖ ಕೆಳಗಿನಿಂದ ಏರಬೇಕು, ತಾಯಿ ಮಗು ಮೇಲೆ ಬೆಚ್ಚಗೆ ಮಲಗಬೇಕು. ನಿಮ್ಮ ಅಮ್ಮನನ್ನೂ ನಾನು ಹಾಗೆಯೇ ಮಲಗಿಸಿದ್ದೆ. ಆದ್ದರಿಂದ ಪ್ಯಾಡನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿ, ಮೇಲೆ ಹಳೇ ಸೀರೆ ಮಡಿಸಿ, ಮರಿಗಳನ್ನು ಬಿಟ್ಟೆ. ಮೊದಲು ಸುಮ್ಮನಾದವು. ನನಗೆ ಗೆದ್ದ ಹಾಗಾಯಿತು. ಪೂಜೆ ಮುಗಿಸಿ ಬಂದು ನೋಡಿದರೆ ಎಲ್ಲವೂ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಾ ಪೆಟ್ಟಿಗೆಯ ಮೂಲೆಗೆ ಅಂಟಿಕೊಂಡಿದ್ದವು. ಒಂದು ಮಾತ್ರ ನಡುವೆಯೇ ಕಾಲು ಚಾಚಿ ಬಿದ್ದಿತ್ತು. ಕೈಗೆತ್ತಿಕೊಂಡೆ. ಬಿಸಿಯಾಗಿಯೇ ಇತ್ತು, ಆದರೆ ಕತ್ತು ನಿಲ್ಲಲಿಲ್ಲ. ಬಿಸಿ ಕಡಿಮೆ ಮಾಡಿದರೆ ಮಿಕ್ಕವು ಒಂದರ ಮೇಲೊಂದು ಏರಿ ಚಳಿಗೆ ಅಳುತ್ತಿದ್ದವು. ಅದಲ್ಲದೆ ಆ ಪ್ಯಾಡು ಮನುಷ್ಯರಿಗೆಂದು ಮಾಡಿದ್ದು. ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತದೆ, ಮತ್ತೆ ಗುಂಡಿ ಒತ್ತಬೇಕು.

ಮಾರನೆಯ ದಿನ ಸಂಜೆ ನೆರೆಯಾಕೆಯ ಫೋನ್ ಬಂತು. ಮಗಳು ಹಾಸಿಗೆಯಿಂದ ಏಳಬಾರದು, ಇನ್ನೂ ಕೆಲವು ವಾರ ಅಲ್ಲೇ ಇರಬೇಕು, ಕೂಸಿನ ಎದೆಬಡಿತ ಇದೆ ಎಂದಳು. ಆಮೇಲೆ, ‘ಮರಿ ಹೆಂಗವೆ ಅಕ್ಕಾ? ಎಲ್ಲಾ ಅವಾ?’ ಎಂದಳು.

ಅಂಥ ಮಗಳ ಪಕ್ಕದಲ್ಲಿ ಕೂತವಳ ಕಿವಿಗೆ ಸತ್ತಿತು ಎಂಬ ಮಾತು ಹಾಕಲು ನನಗೆ ನಾಲಿಗೆ ಬರಲಿಲ್ಲ. ‘ಅವೆ’ ಎಂದೆ. ‘ಆದ್ರೆ ಕೆಳಗೆ ಬಿಸಿ ಇಟ್ರೆ ಬಾಯಿ ಬಿಡ್ತವೆ ಕಣೇ.’

‘ಕೆಳಗಾ?’ ಅಷ್ಟು ಸಂಕಟದಲ್ಲೂ ಅವಳು ನಕ್ಕುಬಿಟ್ಟಳು. ‘ಅಯ್ಯೋ ನಮ್ಮಕ್ಕಾ! ಕೋಳಿ ಏನು ಮರಿ ಕೆಳಗೆ ಮಲಗ್ತದಾ? ಮೇಲೆ ಕೂರ್ತದೆ. ಮರಿ ಬೆನ್ನಿಗೆ ಅದರ ಹೊಟ್ಟೆ ತಾಕ್ಬೇಕು. ಅದು ಕಾವು. ನೀವು ಕೊಟ್ಟಿದ್ದು ಶಾಖ, ಬಾಣಂತಿಗೆ ಕೊಟ್ಟಂಗೆ.’

ಕಾವು, ಶಾಖ ಎರಡೂ ಒಂದೇ ಎಂದುಕೊಂಡು ಇಷ್ಟು ವಯಸ್ಸು ಕಳೆದಿದ್ದೆ.

ಮೇಲಿನಿಂದ ಕೊಡಬೇಕಾದರೆ ಪ್ಯಾಡನ್ನು ಯಾವುದಕ್ಕಾದರೂ ತೂಗುಹಾಕಬೇಕು. ಮಕ್ಕಳ ಸ್ಟೂಲು ಎತ್ತರ, ಮರಿಯ ಬೆನ್ನು ತಾಕುವುದಿಲ್ಲ. ಮನೆಯಲ್ಲಿ ಅಷ್ಟು ಕುಳ್ಳಗೆ ಕಾಲಿದ್ದದ್ದು ನಿಮ್ಮ ತಾತ ಲಿಂಗಪೂಜೆಗೆ ಕೂರುತ್ತಿದ್ದ ಮಣೆ ಮಾತ್ರ. ಅವರ ನಂತರ ನಾನು ಕೂರುತ್ತಿದ್ದೆ. ಅದನ್ನು ತಂದು ಅಡಿಯಲ್ಲಿ ಪ್ಯಾಡು ಇಟ್ಟು, ಸ್ವಲ್ಪ ಜೋತು ಬೀಳುವಂತೆ ಸೀರೆಯ ಪಟ್ಟಿಯಿಂದ ಬಿಗಿದೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಅತ್ತೆ, ಅದು ಮಾವನ ಪೂಜೆ ಮಣೆ.’

‘ಹೂಂ.’

‘ನಾಳೆ ಆ ಕೋಳಿನ ಕುಯ್ತಾರೆ. ಗೊತ್ತಿದ್ದೂ ಮಾಡ್ತೀರಾ?’

 ಮಣೆಯನ್ನು ಪೆಟ್ಟಿಗೆಯಲ್ಲಿ ಇಟ್ಟೆ. ಒಂದು ಮರಿ ತಲೆ ತೂರಿಸಿತು. ಅದರ ಹಿಂದೆ ಉಳಿದವು. ಎಲ್ಲವೂ ಒಳಗೆ ಹೋದ ಮೇಲೆ ಕಿರುಚಾಟ ನಿಂತು, ಸಣ್ಣಗೆ ಚಿಲಿಪಿಲಿಗುಟ್ಟುವ ಸದ್ದು ಶುರುವಾಯಿತು. ಸೊಸೆಯೂ ಬಗ್ಗಿ ನೋಡಿದಳು.  ಗುಂಡಿ ಒತ್ತುವ ಕೆಲಸದಲ್ಲಿ ತಾನೂ ಪಾಲು ತೆಗೆದುಕೊಂಡಳು. ಕರೆಂಟು ಹೋದಾಗ ಚೊಂಬಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕೊಡುತ್ತಿದ್ದಳು.

ನಾನು ದಿನಾ ಹಿಕ್ಕೆ ಬಳಿದು, ಮತ್ತೆ ಸ್ನಾನ ಮಾಡಿ, ಬರಿನೆಲದ ಮೇಲೆ ಪೂಜೆಗೆ ಕೂರುತ್ತಿದ್ದೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೂ ಕಿವಿ ಸೌದೆ ಕೋಣೆಯಲ್ಲೇ ಇರುತ್ತಿತ್ತು. ಸೊಸೆಯ ಮಾತು ನೆನಪಾಗುತ್ತಿತ್ತು. ಒಂದು ಹೊಟ್ಟೆಯಲ್ಲಿರುವ ಜೀವ ಉಳಿಯಲಿ ಎಂದು ಇನ್ನೊಂದು ಜೀವವನ್ನು ಚಾಕುವಿಗೆಂದು ಬೆಳೆಸುತ್ತಿದ್ದೇನೆ. ಆದರೂ ಫೋನು ಬಂದಾಗಲೆಲ್ಲ ನೆರೆಯಾಕೆ ಮಗಳ ವಿಷಯ ಒಂದು ಮಾತು ಹೇಳಿ, ಮರಿಗಳ ವಿಷಯ ಹತ್ತು ಮಾತು ಕೇಳುತ್ತಿದ್ದಳು. ಇವು ಉಳಿದರೆ ಅದೂ ಉಳಿದೀತು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಗಿತ್ತು. ಬಾಯಿಬಿಟ್ಟು ಅವಳು ಹೇಳಲಿಲ್ಲ. ನನಗೆ ನೆಲದಲ್ಲಿ ಹೂತಿಟ್ಟ ಆ ಒಂದು ಮರಿಯದೇ ಭಯ.

ಮರಿಗಳಿಗೆ ನುಚ್ಚು ಸಾಲದಾಯಿತು. ರೆಕ್ಕೆಯಲ್ಲಿ ಪುಕ್ಕ ಮೂಡಿತು. ಮಣೆಯ ಕೆಳಗೆ ಜಾಗ ಸಾಲದೆ ಮೇಲೆ ಹತ್ತಿ ಕೂರತೊಡಗಿದವು. ಬಿಸಿ ಬೇಕಾಗದ ಹೊತ್ತಿಗೆ ಫೋನ್ ಬಂತು. ನೆರೆಯಾಕೆ ಮರಿಗಳ ಬಗ್ಗೆ ಕೇಳಲಿಲ್ಲ. ಆಗಲೇ ನನಗೆ ತಿಳಿಯಿತು.

ಮಗಳನ್ನು ಕರೆದುಕೊಂಡು ಅವಳು ಮನೆಗೆ ಬಂದಳು. ಮರಿಗಳ ಪೆಟ್ಟಿಗೆ ಕೊಡಲು ಹೋದೆ. ಅವಳು ಒಂದೇ ಸಲ ಕಣ್ಣಾಡಿಸಿದಳು. ಒಂದು ಕಡಿಮೆ ಇರುವುದು ಅವಳಿಗೆ ಗೊತ್ತಾಯಿತು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಪಿಸುಗುಟ್ಟಿ ಹೋಗುತ್ತಿದ್ದರು. ಕೂಸಿಲ್ಲದ ಮೇಲೆ ಎಣ್ಣೆ ನೀರು, ಖಾರ, ಸಾಂಬ್ರಾಣಿ ಎಲ್ಲ ಮಾಡಿದರೆ ಒಳ್ಳೆಯದಲ್ಲ ಎಂದರಂತೆ. ನೆರೆಯಾಕೆ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತಳು.

‘ಏನ್ ಮಾಡ್ಲಕ್ಕಾ? ಕೂಸಿಲ್ದೋಳಿಗೆ ಬಾಣಂತನ ಮಾಡ್ತಾರಾ?’

ನಾನು ಸಾಮಾನ್ಯವಾಗಿ ಬೇರೆಯವರ ಮನೆಯ ವಿಷಯಕ್ಕೆ ಬಾಯಿ ಹಾಕುವವಳಲ್ಲ. ‘ಹೆತ್ತಿದ್ದಾಳಲ್ಲ ಕಣೇ’ ಎಂದೆ. ‘ನೀರು ಕಾಯ್ಸು.’

ಒಳಗೆ ಹೋಗಿ ಮಣೆಯ ಅಡಿಯಿಂದ ಪ್ಯಾಡು ಬಿಚ್ಚಿದೆ. ಹೊದಿಕೆಯನ್ನು ಒಗೆದು, ಬಿಸಿಲಿಗೆ ಒಣಗಿಸಿ ತೆಗೆದುಕೊಂಡು ಹೋದೆ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಂಟದ ಕೆಳಗೆ ಪ್ಯಾಡು ಸರಿಸಿ ಗುಂಡಿ ಒತ್ತಿದೆ. ಇವಳಿಗೆ ಶಾಖ ಕೆಳಗಿನಿಂದಲೇ ಬರಬೇಕು, ಅಷ್ಟು ನನಗೆ ಗೊತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳು, ‘ದೊಡ್ಡವ್ವಾ, ಇದ್ರಲ್ಲಿ ಮರಿ ವಾಸ್ನೆ ಐತೆ’ ಎಂದಳು.

 ಎಂಥ ಕೆಲಸ ಮಾಡಿದೆ ಎಂದು ಎಳೆದುಕೊಳ್ಳಲು ಹೋದೆ. ಅವಳು ಪ್ಯಾಡಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ‘ಇರ್ಲಿ ಬಿಡಿ’ ಎಂದಳು. ಅವಳು ಮೊದಲ ಸಲ ಅತ್ತದ್ದು ಆಗ. ಆಸ್ಪತ್ರೆಯಲ್ಲಿ ಅತ್ತೇ ಇರಲಿಲ್ಲವಂತೆ. ಅಡುಗೆಮನೆಯಿಂದ ಅವಳ ತಾಯಿ ಓಡಿಬಂದಳು. ನಾನು ಎದ್ದು ಬಂದೆ.

ಬೆಳೆದ ಮೇಲೆ ಆ ಕೋಳಿಗಳು ಏನಾದವು ಎಂದು ನಾನು ಕೇಳಲಿಲ್ಲ. ಕಿಟಕಿ ಮುಚ್ಚಿದ ದಿನಗಳಿದ್ದವು. ಒಂದು ಚುಕ್ಕೆಯ ಹೇಟೆಕೋಳಿ ಮಾತ್ರ ಗೋಡೆ ಹಾರಿ ಬಂದು ನಮ್ಮ ಸೌದೆ ಕೋಣೆಯ ಮಣೆಯ ಮೇಲೆ ಕೂರುತ್ತಿತ್ತು. ಎಷ್ಟು ಸಲ ಓಡಿಸಿದರೂ ಬರುತ್ತಿತ್ತು. ನೆರೆಯಾಕೆ, ‘ನಿಮ್ಮನ್ನೇ ಅವ್ವ ಅಂದ್ಕೊಂಡೈತೆ, ಇಟ್ಕೊಳ್ಳಿ’ ಎಂದಳು. ನೀವು ನೋಡಿದ್ದು ಅದನ್ನೇ.

ಈಗ ಆ ಹುಡುಗಿ ಮತ್ತೆ ಬಸುರಿ. ಐದನೆಯ ತಿಂಗಳು ದಾಟಿದೆ. ತಾಯಿಯ ಮನೆಯಲ್ಲೇ ಇದ್ದಾಳೆ. ನೆರೆಯಾಕೆ ಗೋಡೆಯ ಹತ್ತಿರ ನಿಂತಾಗ ಒಮ್ಮೊಮ್ಮೆ ಕೋಳಿಯ ಕಡೆ ನೋಡುತ್ತಾಳೆ. ನನ್ನ ಕಡೆ ನೋಡುವುದಿಲ್ಲ. ಬಾಣಂತನದ ಅಡುಗೆಗೆ ಅದನ್ನು ಕೊಡಿ ಎಂದು ಅವಳಾಗಿ ಕೇಳಲಾರಳು ಎಂದು ಸೊಸೆ ಹೇಳುತ್ತಾಳೆ. ಕೇಳಿದರೆ ನಾನು ಇಲ್ಲವೆನ್ನಲಾರೆ.

ಮುಂದಿನ ಸಲ ನೀವು ಬಂದಾಗ ಕೋಳಿ ಹಿತ್ತಲಲ್ಲಿ ಕಾಣದಿದ್ದರೆ ಎಲ್ಲಿ ಎಂದು ಯಾರನ್ನೂ ಕೇಳಬೇಡಿ. ಪಕ್ಕದ ಮನೆಗೆ ಹೋಗಿ, ಪಾಪು ಹೇಗಿದೆ ಎಂದು ಕೇಳಿ.