ಅವ್ವನ ಮುಖಕ್ಕೆ ಇನ್ನೊಬ್ಬನ ಚೀಟಿ

ಮುಖಗಳಿಗೆ ಚೀಟಿ ಅಂಟಿಸುವವರನ್ನು ಕಂಡರೆ ನನಗಾಗದು. ಅಂಥವನೊಬ್ಬ ಹೋದ ವರ್ಷ ಬಸ್ತಿಹಳ್ಳಿಯ ನನ್ನ ಕೆತ್ತನೆ ಶೆಡ್ಡಿಗೆ ಬಂದ. ಯಾವುದೋ ಕಾಲೇಜಿನ ಲೆಕ್ಚರರ್. ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ಒಂದೊಂದು ವಿಗ್ರಹದ ಮುಖವನ್ನೂ ಫೋನಿನಲ್ಲಿ ಹಿಡಿದು, ಇದು ಶೃಂಗಾರ, ಇದು ಹಾಸ್ಯ ಎಂದು ಪಟ್ಟಿ ಮಾಡುತ್ತಿದ್ದನಂತೆ. ಕಾಲೇಜಿನ ಗಾಜಿನ ಬೀರುವಿಗೆ ಬಳಪದ ಕಲ್ಲಿನಲ್ಲಿ ನವರಸದ ಒಂಬತ್ತು ಮುಖ ಬೇಕು ಎಂದ. ಹುಬ್ಬು ಎಷ್ಟು ಏರಬೇಕು, ತುಟಿ ಎಷ್ಟು ಇಳಿಯಬೇಕು ಎಂದು ಗೆರೆ ಎಳೆದ ಹಾಳೆಯನ್ನೂ ಕೊಟ್ಟ. ಮೂವತ್ತು ವರ್ಷ ಉಳಿ ಹಿಡಿದವನಿಗೆ!

ಎಂಟು ಮುಖ ಹಾಳೆಯಂತೆಯೇ ಕೆತ್ತಿದೆ. ಕರುಣರಸಕ್ಕೆ ಬಂದಾಗ ಕೈ ಒಪ್ಪಲಿಲ್ಲ. ಅಪ್ಪ ಸತ್ತ ವರ್ಷ, ಹಾರನಹಳ್ಳಿಯ ಮನೆಯಲ್ಲಿ, ಅವ್ವ ನನ್ನ ಪುಸ್ತಕದ ಚೀಲವನ್ನು ಅಟ್ಟಕ್ಕೆ ಹಾಕಿ, "ನಾಳಿಂದ ಮಾವನ ಜೊತೆ ಕಲ್ ಕೆಲ್ಸಕ್ಕೆ ಹೋಗು" ಎಂದಿದ್ದಳು. ಒಂದು ಹನಿ ಕಣ್ಣೀರಿಲ್ಲ. ಹುಬ್ಬು ಗಂಟು, ತುಟಿ ಬಿಗಿ. ಅದಕ್ಕಿಂತ ದೊಡ್ಡ ದುಃಖವನ್ನು ನಾನು ಯಾವ ಗುಡಿಯ ಗೋಡೆಯಲ್ಲೂ ಕಂಡಿಲ್ಲ. ಆ ಮುಖವನ್ನೇ ಕೆತ್ತಿದೆ. ಕೊನೆಯಲ್ಲಿ ಕಣ್ಣು ಬಿಡಿಸುವಾಗ ಉಸಿರು ಹಿಡಿದಿದ್ದೆ.

ಲೆಕ್ಚರರ್ ಬಂದು ನೋಡಿದ. "ಇದು ಕರುಣ ಅಲ್ಲ. ರೌದ್ರ."

"ಅಲ್ಲ ಕಣ್ರೀ, ಇದು ನಮ್ಮವ್ವ. ಸಂಕಟ ತಡ್ಕೊಂಡವ್ಳೆ."

"ತಡ್ಕೊಂಡಿದ್ದಾರೆ ಅಂತ ನೋಡೋರಿಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗೋಗಂಟ ನೋಡ್ಬೇಕು."

ಪಕ್ಕದಲ್ಲಿ ನಂದಿ ಕೆತ್ತುತ್ತಿದ್ದ ಗೆಳೆಯ ನಕ್ಕ. "ಏನ್ಲಾ, ನಿನ್ನ ಜೊತೆಗೆ ನಿಮ್ಮವ್ವನ್ನೂ ಫೇಲ್ ಮಾಡವ್ರಲ್ಲ!"

ಲೆಕ್ಚರರ್ ಅದಕ್ಕೂ ಒಂದು ದಾರಿ ಹುಡುಕಿದ. ತನ್ನ ಹಾಳೆಯಂತೆಯೇ ಕೆತ್ತಿದ ರೌದ್ರ ಅವನಿಗೆ ಸಪ್ಪೆಯಾಗಿ ಕಂಡಿತಂತೆ. ಅದರ ಜಾಗಕ್ಕೆ ಇದನ್ನಿಟ್ಟು, ಕರುಣಕ್ಕೆ ಕಣ್ಣೀರಿಳಿಯುವ ಬೇರೆ ಮುಖ ಮಾಡಿಕೊಡು ಎಂದ. ಹೇಳುತ್ತಲೇ ಅವ್ವನ ಮುಖದ ಫೋಟೊ ತೆಗೆದು, ಅದರಡಿ ರೌದ್ರ ಎಂದೂ ಬರೆದುಕೊಂಡ.

ಕೋಪ ಎಂಬ ಚೀಟಿಯ ಕೆಳಗೆ, ಗಾಜಿನೊಳಗೆ, ನನ್ನವ್ವ! ಸುತ್ತಿಗೆ ಎತ್ತಿ ಒಂದೇ ಏಟಿಗೆ ಮೂಗು ಹಾರಿಸಿದೆ. ಭಿನ್ನವಾದ ಮುಖವನ್ನು ಯಾರೂ ಎಲ್ಲಿಯೂ ಇಡುವುದಿಲ್ಲ; ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವನು ಹೆದರಲಿಲ್ಲ. ಅಂಗಿಯ ಮೇಲಿನ ಕಲ್ಲುಪುಡಿ ಕೊಡವಿಕೊಂಡ. "ಪರವಾಗಿಲ್ಲ, ನನ್ನ ಪಟ್ಟಿಗೆ ಫೋಟೊ ಸಾಕು" ಎಂದು ಫೋನು ತಿರುಗಿಸಿ ತೋರಿಸಿದ. ರೌದ್ರದ ಸಾಲಿನಲ್ಲಿ ಅವ್ವ, ಮೂಗಿನ ಸಮೇತ.

"ಅಳಿಸ್ರಿ ಅದನ್ನ."

ಅವನು ಅಳಿಸದೆಯೇ ಉಳಿದ ಎಂಟು ಮುಖ ಎತ್ತಿಕೊಂಡು ಕಾರು ಹತ್ತಿದ. ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಫೋನಿನ ಮೇಲೆ ಬೀಳಬೇಕಿತ್ತು.