ಶ್ರೀಲತಾ ಕೊಟ್ಟ ಎಂಟು

ಉಪ್ಪುಂದದಲ್ಲಿ ನಮ್ಮ ಪಕ್ಕದ ಮನೆಯ ಶ್ರೀಲತಾ ಏನು ಕೆಲಸ ಮಾಡುತ್ತಾಳೆಂದು ಕೇಳಿದರೆ ನನ್ನ ಗಂಡ ‘ನರ್ಸ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ನರ್ಸ್ ಹೌದು. ಆದರೆ ಪಾಳಿ ಮುಗಿಸಿ ಬಂದ ಮೇಲೆ ಲ್ಯಾಪ್‌ಟಾಪ್ ಮುಂದೆ ಕುಳಿತು ಕಾಯಿಲೆ, ಮದ್ದುಗಳ ಹೆಸರನ್ನು ಎರಡೆರಡಾಗಿ ಓದಿ, ಅರ್ಥದಲ್ಲಿ ಅವು ಎಷ್ಟು ಹತ್ತಿರ ಎಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡುತ್ತಾಳೆ.

ಕಾಯಿಲೆಗಳಿಗೂ ಒಂದು ವಂಶವೃಕ್ಷ ಮಾಡಿಟ್ಟಿದ್ದಾರೆ, ಅದಕ್ಕೆ ಆಂಟಾಲಜಿ ಎನ್ನುತ್ತಾರಂತೆ. ಎರಡು ಕಾಯಿಲೆಗಳಿಂದ ಮೇಲಕ್ಕೆ ಹತ್ತುತ್ತ ಹೋದರೆ ಎಷ್ಟು ಬೇಗ ಒಂದೇ ತಾಯಿ ಸಿಗುತ್ತದೋ ಅಷ್ಟು ಹತ್ತಿರ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಶ್ರೀಲತಾಳಂಥವರ ಅಂಕಗಳ ಜೊತೆ ಹೋಲಿಸಿ ನೋಡುತ್ತಾರೆ.

ಈ ಅಂಕ ಹಾಕುವ ಕೆಲಸಕ್ಕೆ ಬಂದ ಹೊಸಬರು ಎಲ್ಲ ಕಲಸಿಬಿಡುತ್ತಿದ್ದರು. ಸಕ್ಕರೆ ಕಾಯಿಲೆಗೂ ಇನ್ಸುಲಿನ್‌ಗೂ ಹತ್ತಕ್ಕೆ ಹತ್ತು! ಅವರಿಗೆ ಇವಳು ಫೋನಿನಲ್ಲೇ ಪಾಠ ಮಾಡುವುದನ್ನು ನಾನೇ ಬೇಲಿಯಾಚೆಯಿಂದ ಕೇಳಿದ್ದೇನೆ. “ಗಂಗೊಳ್ಳಿ ಬಂದರಲ್ಲಿ ಮೀನ್ ಇದ್ದಲ್ಲೆಲ್ಲ ಐಸ್ ಇರತ್ತ್. ಹಂಗಂತ ಐಸ್ ಮೀನಾ? ಒಟ್ಟಿಗೆ ಇಪ್ದ್ ಬೇರೆ, ಒಂದೇ ಜಾತಿ ಆಪ್ದ್ ಬೇರೆ.” ಇಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ಶಾಲೆಯಲ್ಲೂ ಕಂಡಿಲ್ಲ.

ಅಂಥವಳೇ ಒಂದು ಜೋಡಿಗೆ ಸೊನ್ನೆ ಹಾಕಿದಳು. ಟೈಪ್ ಒಂದು, ಟೈಪ್ ಎರಡು ಸಕ್ಕರೆ ಕಾಯಿಲೆ. ಮರದಲ್ಲಿ ಅಕ್ಕಪಕ್ಕದ ಕೊಂಬೆಗಳು, ಉಳಿದವರೆಲ್ಲ ಎಂಟೋ ಒಂಬತ್ತೋ ಕೊಟ್ಟಿದ್ದರು. ಕೆಲಸದ ಉಸ್ತುವಾರಿ ನೋಡುವ ಬ್ರಹ್ಮಾವರದ ಶರಣ್ಯಾ ಫೋನು ಮಾಡಿ, “ಸೊನ್ನೆ ಉಳಿಸಿಕೊಳ್ಳುವುದಾದರೆ ಕಾರಣ ಬರೆಯಿರಿ” ಎಂದಳು.

ಕಾರಣ ನನಗೆ ಗೊತ್ತಿತ್ತು. ಶ್ರೀಲತಾ ನರ್ಸ್ ಆಗುವುದಕ್ಕೂ ಮೊದಲೇ ಅವಳ ತಮ್ಮ ಮನೀಷ್‌ಗೆ ಎಳೆಯ ವಯಸ್ಸಿನಲ್ಲಿ ಟೈಪ್ ಒಂದು ಬಂದಿತ್ತು, ಇನ್ಸುಲಿನ್ ಇಲ್ಲದೆ ಬದುಕುವಂತಿರಲಿಲ್ಲ. ಅವರ ಮನೆಗಳಲ್ಲಿ ಸೋದರಮಾವ ಹೇಳಿದ್ದೇ ಮಾತು. ಗಂಗೊಳ್ಳಿಯ ಚಂದಯ್ಯ ಮಾವನಿಗೆ ಇದ್ದದ್ದು ಟೈಪ್ ಎರಡು. ನಡಿಗೆ, ಹಾಗಲಕಾಯಿ ರಸ, ಮಾತ್ರೆಯಲ್ಲೇ ಗಟ್ಟಿಯಾಗಿದ್ದ. “ನಂಗೂ ಅದೇ ಕಾಯ್ಲಿ ಇತ್ತ್. ನಂಗ್ ಸೂಜಿ ಇತ್ತಾ? ಮಾಣಿಗ್ ಎಂತಕೆ?” ಎಂದು ಸೂಜಿ ಬಿಡಿಸಿ ತನ್ನ ರಸವನ್ನೇ ಕುಡಿಸಿದ. ವಾರ ಕಳೆಯುವುದರೊಳಗೆ ಹುಡುಗ ಹೋಗಿಬಿಟ್ಟ. ಅಂದಿನಿಂದ ಶ್ರೀಲತಾ ಮಾವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಫೋನು ಇಟ್ಟವಳು ನೇರ ನಮ್ಮ ಅಡುಗೆಮನೆಗೆ ಬಂದು ಕುಳಿತಳು. “ಎಂಟ್ ಹಾಕಿರೆ ಮಾವ ಹೇಳಿದ್ದೇ ಸರಿ ಅಂದಂಗ್ ಆತ್ತಲ್ದಾ ಅಕ್ಕ?”

“ಸೊನ್ನೆನೇ ಇರ್ಲಿ. ನಿನ್ ಸೊನ್ನೆ, ನಿನ್ ಇಷ್ಟ” ಎಂದೆ. ನಾನಾಗಿದ್ದರೆ ಅದನ್ನು ದೊಡ್ಡದಾಗಿ ಬರೆದು ಆ ಮುದುಕನ ಮುಖಕ್ಕೇ ಹಿಡಿಯುತ್ತಿದ್ದೆ.

ಅವಳು ನನ್ನ ಮಾತು ಕೇಳಲಿಲ್ಲ. ಹೋಗಿ ಸೊನ್ನೆ ಅಳಿಸಿ ಎಂಟು ಹಾಕಿದಳು. ಕೆಳಗೆ ಬರೆದಳು: ಅರ್ಥದಲ್ಲಿ ಇವು ಹತ್ತಿರದವೇ, ಆದರೆ ಟೈಪ್ ಎರಡರ ಮದ್ದನ್ನಷ್ಟೇ ಟೈಪ್ ಒಂದಕ್ಕೆ ಕೊಟ್ಟರೆ ಜೀವ ಹೋಗುತ್ತದೆ, ಈ ಅಂಕ ನೋಡಿ ಯಾರಿಗೂ ಮದ್ದು ಸೂಚಿಸಬೇಡಿ, ಅದಕ್ಕೆ ಬೇರೆ ಅಳತೆ ಮಾಡಿ. ಶರಣ್ಯಾಳ ತಂಡ ಅದನ್ನು ಒಪ್ಪಿಕೊಂಡು ಚಿಕಿತ್ಸೆಯ ಹೋಲಿಕೆಯನ್ನು ಬೇರೆಯೇ ಅಳೆಯಲು ಶುರುಮಾಡಿತು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನು.

ಆ ಭಾನುವಾರ ಅವಳು ಗಂಗೊಳ್ಳಿಗೆ ಹೊರಟಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಚಂದಯ್ಯ ಜಗಲಿಯಲ್ಲಿ ಒಬ್ಬನೇ ಕುಳಿತಿದ್ದ. ಸೋದರಸೊಸೆಯನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಅವಳು ಅವನ ಪಕ್ಕದಲ್ಲೇ ಕುಳಿತಳು. “ಮಾವ, ಆ ಎರಡ್ ಕಾಯ್ಲಿ ಹತ್ತಿರದ್ದೇ. ಕಂಪ್ಯೂಟರಿಗೂ ಹಾಂಗೇ ಕಾಣತ್ತ್. ನಾನೂ ಹಾಂಗೇ ಬರದೆ.”

“ಹತ್ತಿರ ಆದ್ರೂ ಒಂದೇ ಅಲ್ಲ ಅಲ್ದಾ?” ಎಂದು ಅವನೇ ಕೇಳಿದ.

“ಒಂದೇ ಅಲ್ಲ.”

ಮುದುಕ ಅವಳತ್ತ ತಿರುಗಿದ. “ಹಂಗಾರೆ ಮಾಣಿನ್ ಕೊಂದದ್ ನಾನೇ.”

ಶ್ರೀಲತಾ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ತಪ್ಪಿದ್ರಿ ಮಾವ. ಕೊಂದದ್ದಲ್ಲ.”