ಅಕ್ಕನ ಕಿಡ್ನಿ ಮತ್ತು ದಪ್ಪ ಸಿಪ್ಪೆಯ ಹಣ್ಣು

ಫೋನು ಎತ್ತಿದರೆ ಅಕ್ಕ ನನ್ನನ್ನು ವಿಚಾರಿಸುವುದಿಲ್ಲ. "ನನ್ನ ಕಿಡ್ನಿ ಹೇಗುಂಟು?" ಎನ್ನುತ್ತಾಳೆ. ಅವಳು ಕೊಟ್ಟ ಕಿಡ್ನಿ ನನ್ನ ಹೊಟ್ಟೆ ಸೇರಿ ವರ್ಷಗಳಾದವು. ಅವಳ ಪ್ರಕಾರ ಅದು ಓದಲು ಹೋದ ಮಗು, ನಾನು ಬರೀ ಹಾಸ್ಟೆಲ್ ವಾರ್ಡನ್.

ಆ ಕಿಡ್ನಿಯನ್ನು ನನ್ನ ದೇಹ ಪರಕೀಯವೆಂದು ಹೊರದಬ್ಬದಿರಲು ಬೆಳಿಗ್ಗೆ, ಸಂಜೆ ಮಾತ್ರೆ ನುಂಗಬೇಕು. ದೇಹದ ಕಾವಲನ್ನೇ ಮಂಕು ಮಾಡುವ ಮಾತ್ರೆ. ಹಾಗಾಗಿ ಸೋಂಕಿನ ಭಯ. ಹೊರಗಿನದ್ದು ತಿನ್ನಬಾರದು, ಹೆಚ್ಚಿಟ್ಟ ಹಣ್ಣು ಮುಟ್ಟಬಾರದು. ಇದನ್ನು ನನಗಿಂತ ಗಟ್ಟಿಯಾಗಿ ನಂಬಿದವಳು ಅಕ್ಕ. ಶಿರ್ತಾಡಿಯ ತನ್ನ ಮನೆಯಲ್ಲಿ ಕೂತು ಯೋಚಿಸಿ, ಯಾವ ಕ್ರಿಮಿಯೂ ದಾಟಲಾಗದಷ್ಟು ದಪ್ಪ ಸಿಪ್ಪೆಯ ಹಣ್ಣೊಂದನ್ನು ಕಂಡುಹಿಡಿದಳು: ಹಿತ್ತಲಿನ ಚಕ್ಕೋತ.

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಬಂಟ್ವಾಳದ ನನ್ನ ಮನೆಗೆ ಚೀಲ ಹೊತ್ತು ಬರುತ್ತಿದ್ದಳು. ಚಾಕುವನ್ನು ಕುದಿನೀರಿಗೆ ಅದ್ದಿ, ತೊಳೆ ಬಿಡಿಸಿ ಕೊಡುತ್ತಿದ್ದಳು. "ತಿನ್ನು. ಇದರೊಳಗೆ ಹೋಗ್ಲಿಕ್ಕೆ ಕ್ರಿಮಿಗೆ ಪಿಕಾಸಿ ಬೇಕು." ವಾರಕ್ಕೆ ಸಾಕಾಗುವಷ್ಟು ಹಣ್ಣು ಬಿಟ್ಟೂ ಹೋಗುತ್ತಿದ್ದಳು.

ನನ್ನ ಕೈ ನಡುಗತೊಡಗಿದ್ದು ಯಾವಾಗ? ಚಹಾದ ಕಪ್ಪು ಸಾಸರಿನ ಮೇಲೆ ಟಕಟಕ ಎಂದ ಬೆಳಿಗ್ಗೆ, ಎಂದು ಬರೆಯಬಹುದು; ಓದಲು ಚಂದ. ಆದರೆ ನಮ್ಮ ಮನೆಯಲ್ಲಿ ಸಾಸರೇ ಇಲ್ಲ. ತಲೆನೋವು ಇತ್ತು, ನಿದ್ದೆ ಇರಲಿಲ್ಲ, ಅಕ್ಷರ ಚದುರಿದ ಇರುವೆಸಾಲಿನಂತಾಗಿತ್ತು, ಇಷ್ಟು ನಿಜ. ನಾನು ಕತೆ ಬರೆಯುತ್ತಿದ್ದ ಕಾಗದವನ್ನು ಅಕ್ಕ ತಿರುಗಿಸಿ ನೋಡಿದಳು. "ಈಗ ನಿನ್ನ ಅಕ್ಷರವೂ ನಿನ್ನ ಕತೆಯ ಹಾಗೇ ಆಯ್ತು ಮಾರಾಯ. ತಲೆಬುಡ ಗೊತ್ತಾಗುದಿಲ್ಲ." ನಕ್ಕು, ಶಕ್ತಿ ಬರಲಿ ಎಂದು ಇನ್ನೆರಡು ತೊಳೆ ತಿನ್ನಿಸಿದಳು.

ನಡುಕ ಹೆಚ್ಚಾದಾಗ ಇಬ್ಬರೂ ಮಂಗಳೂರಿಗೆ ಹೋದೆವು. ನನ್ನ ರಕ್ತದಲ್ಲಿ ಮಾತ್ರೆಯ ಅಂಶ ಬೇಕಾದದ್ದರ ದುಪ್ಪಟ್ಟು ಇತ್ತು.

"ಎರಡೆರಡು ನುಂಗ್ತಿದ್ದೀರಾ?" ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೆ, ನಾನೇ ಫೋನ್ ಮಾಡಿ ನುಂಗಿಸ್ತೇನೆ" ಎಂದಳು ಅಕ್ಕ.

"ಹೊಸತಾಗಿ ಏನಾದ್ರೂ ತಿಂತಾರಾ?"

"ಹೊರಗಿನದ್ದು ಏನೂ ಇಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಮನೆಯ ಚಕ್ಕೋತ ಮಾತ್ರ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಹಣ್ಣು ಮಾತ್ರೆಯನ್ನು ದೇಹದಲ್ಲಿ ಬೇಗ ಕರಗಿಹೋಗಲು ಬಿಡುವುದಿಲ್ಲವಂತೆ. ಒಂದು ನುಂಗಿದರೂ ಎರಡು ನುಂಗಿದ ಹಾಗೆ. ಮಿತಿಮೀರಿದರೆ ಮಾತ್ರೆ ತಾನು ಕಾಯಬೇಕಾದ ಕಿಡ್ನಿಗೇ ಪೆಟ್ಟು ಕೊಡುತ್ತದೆ. "ಸ್ವಲ್ಪ ಪೆಟ್ಟು ಕೊಟ್ಟಾಗಿದೆ. ಡೋಸು ಇಳಿಸುವ, ಹಣ್ಣು ನಿಲ್ಲಿಸಿ. ಮುಂದಿನ ವಾರ ಪುನಃ ರಕ್ತ ನೋಡುವ."

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ರಿಪೋರ್ಟನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದಳು. "ಕ್ರಿಮಿಗೆ ಪಿಕಾಸಿ ಬೇಕಾಗ್ಲೇ ಇಲ್ಲ ಮಾರಾಯ್ತಿ, ಹಣ್ಣೇ ಸಾಕಾಯ್ತು" ಎಂದೆ. ಅವಳು ನಗಲಿಲ್ಲ.

ಆ ವಾರ ಅವಳು ದಿನವೂ ಫೋನು ಮಾಡಿದಳು. "ನೀನು ಹೇಗಿದ್ದಿ?" ಇಷ್ಟೇ. ಕಿಡ್ನಿಯ ಸುದ್ದಿಯೇ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ರಕ್ತದ ರಿಪೋರ್ಟಿಗಲ್ಲ, ಈ ಮರ್ಯಾದೆಗೆ.

ಅವಳು ಮರ ಕಡಿಸಿದಳು ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಸುಳ್ಳು. ಮರ ಅಲ್ಲೇ ಉಂಟು, ಹಣ್ಣು ನೆರೆಮನೆಗೆ ಹೋಗುತ್ತದೆ.

ಎರಡನೇ ರಿಪೋರ್ಟು ಬಂದಾಗ ಕೈಯ ನಡುಕ ಹೆಚ್ಚುಕಡಿಮೆ ನಿಂತಿತ್ತು. ನಾನೇ ಫೋನು ಮಾಡಿದೆ. "ನಿನ್ನ ಕಿಡ್ನಿ ಮೊದಲಿನ ಹಾಗೆ ಉಂಟು."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಜಾಗ್ರತೆ ನೋಡಿಕೊ" ಎಂದಳು. "ನಾಳೆ ವಾಪಸ್ ಕೇಳಿದ್ರೆ ಕೊಡ್ಲಿಕ್ಕೆ ಬೇಕು."